ಬ್ಲಾಕ್‌ಲಿಸ್ಟ್ ಕೈಕೊಟ್ಟಾಗ: ಪೋಸ್ಟ್‌ಫಿಕ್ಸ್ ಸರ್ವರ್‌ನಲ್ಲಿ ದೋಷ ಹುಡುಕುವುದು, ಪಟ್ಟಿ ಆರಿಸುವುದು

ಪೋಸ್ಟ್‌ಫಿಕ್ಸ್‌ನಂಥ ಮೇಲ್ ಸರ್ವರ್‌ನಲ್ಲಿ ಸ್ಪ್ಯಾಮ್ ತಡೆಯಲು ಹಾಕಿದ ಬ್ಲಾಕ್‌ಲಿಸ್ಟ್, ಅಂದರೆ ಮೇಲ್ ತಡೆಯಬೇಕಾದ ಐಪಿ ವಿಳಾಸಗಳ ಪಟ್ಟಿ, ಮೂರು ಬಗೆಯಲ್ಲಿ ಕೆಡುತ್ತದೆ. ಇದ್ದಕ್ಕಿದ್ದಂತೆ ಹೊರಗಿನ ಯಾವ ಮೇಲೂ ಒಳಗೆ ಬಾರದಂತಾಗಬಹುದು. ಪಟ್ಟಿ ಇದ್ದೂ ಕಸವೆಲ್ಲ ಸಲೀಸಾಗಿ ಇನ್‌ಬಾಕ್ಸ್ ಸೇರಬಹುದು. ಅಥವಾ ಉಳಿದದ್ದೆಲ್ಲ ಸರಿಯಿದ್ದು, ಬೇಕಾದ ನಾಲ್ಕು ಜನರ ಮೇಲ್ ಮಾತ್ರ ಬಾಗಿಲಲ್ಲೇ ವಾಪಸಾಗಬಹುದು. ಮೂರಕ್ಕೂ ಜನ ಮಾಡುವ ಮೊದಲ ಕೆಲಸ ಒಂದೇ, ಪಟ್ಟಿ ಬದಲಿಸುವುದು. ಆದರೆ ಹೆಚ್ಚಿನ ಸಲ ತಪ್ಪು ಪಟ್ಟಿಯದಲ್ಲ. ಪಟ್ಟಿಯನ್ನು ಕೇಳುವ ಡಿಎನ್‌ಎಸ್ ರಿಸಾಲ್ವರ್‌ನದು (ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆ), ಇಲ್ಲವೇ ಪಟ್ಟಿಯನ್ನು ತಪ್ಪು ಜಾಗದಲ್ಲಿ ಕೂರಿಸಿದ ಸಂರಚನೆಯದು. ಹಾಗಾಗಿ ಇಲ್ಲಿ ತನಿಖೆ ಮೊದಲು, ಆಯ್ಕೆ ಆಮೇಲೆ.

ಉದಾಹರಣೆಗಳು ಡೆಬಿಯನ್ ಅಥವಾ ಉಬುಂಟು ಮೇಲಿನ ಪೋಸ್ಟ್‌ಫಿಕ್ಸ್ 3 ಸರಣಿಗೆ ಸೇರಿದವು. ಆಜ್ಞೆ, ಕಡತ, ವಲಯಗಳ (ಪಟ್ಟಿಗಳು ಡಿಎನ್‌ಎಸ್‌ನಲ್ಲಿ ಕೂತಿರುವ ಡೊಮೇನ್‌ಗಳ) ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಮಾಮೂಲಿನಂತೆ ರೋಮನ್ ಅಕ್ಷರಗಳಲ್ಲಿ ಟೈಪ್ ಮಾಡಿ.

ಮೇಲ್ ನಿಂತೇಹೋಗಿದ್ದರೆ ಮೊದಲು ರಕ್ತಸ್ರಾವ ನಿಲ್ಲಿಸಿ

ತನಿಖೆಗೆ ಕೂರುವ ಮುನ್ನ ತಡೆಯನ್ನು ಸಡಿಲಿಸಬೇಕು. 5ರಿಂದ ಶುರುವಾಗುವ ಉತ್ತರ ಸಿಕ್ಕ ಮೇಲ್ ಮತ್ತೆ ಬರುವುದಿಲ್ಲ, ಕಳಿಸಿದವರಿಗೆ 'ತಲುಪಲಿಲ್ಲ' ಎಂಬ ಬೌನ್ಸ್ ಹೋಗಿಬಿಡುತ್ತದೆ. ಪೋಸ್ಟ್‌ಸ್ಕ್ರೀನ್ (ಹೊಸ ಸಂಪರ್ಕಗಳನ್ನು ಬಾಗಿಲಲ್ಲೇ ಸೋಸುವ ಪೋಸ್ಟ್‌ಫಿಕ್ಸ್‌ನ ಭಾಗ) ಬಳಸುತ್ತಿದ್ದರೆ ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ಆಕ್ಷನ್ ಅನ್ನು 'ಇಗ್ನೋರ್'ಗೆ ಇಳಿಸಿ. ಮೇಲ್ ಸ್ವೀಕರಿಸುವ ಎಸ್‌ಎಂಟಿಪಿಡಿ ಪ್ರಕ್ರಿಯೆಯಲ್ಲೇ ತಡೆ ಇದ್ದರೆ ಮ್ಯಾಪ್ಸ್_ಆರ್‌ಬಿಎಲ್_ರಿಜೆಕ್ಟ್_ಕೋಡ್ ಅನ್ನು ಮೂಲ ಬೆಲೆ 554ರಿಂದ 451ಕ್ಕೆ ಬದಲಿಸಿ. 451 ಎಂದರೆ 'ಈಗ ಆಗದು, ಆಮೇಲೆ ಬಾ' ಎಂದರ್ಥ; ಸರಿಯಾದ ಸರ್ವರ್‌ಗಳು ಕ್ಯೂನಲ್ಲಿಟ್ಟುಕೊಂಡು ಮತ್ತೆ ಪ್ರಯತ್ನಿಸುತ್ತವೆ. ನಂತರ 'ಪೋಸ್ಟ್‌ಫಿಕ್ಸ್ ರೀಲೋಡ್'. ಒಂದೆರಡು ಗಂಟೆಯ ತನಿಖೆಗೆ ಇಷ್ಟು ಸಮಯ ಧಾರಾಳ.

ಈಗಾಗಲೇ ತಿರಸ್ಕೃತವಾದ ಮೇಲನ್ನು ಮರಳಿ ತರುವ ದಾರಿ ಇಲ್ಲ. ಲಾಗ್‌ನಿಂದ ಯಾರು ಯಾರಿಗೆ ಕಳಿಸಿದ್ದರು ಎಂಬ ಪಟ್ಟಿಯನ್ನಾದರೂ ತೆಗೆದು ಬಳಕೆದಾರರಿಗೆ ಕೊಡಬಹುದು. ಪೋಸ್ಟ್‌ಸ್ಕ್ರೀನ್‌ನ ಆಕ್ಷನ್ 'ಎನ್‌ಫೋರ್ಸ್' ಆಗಿದ್ದರೆ ಮಾತ್ರ ಈ ವಿವರ ಲಾಗ್‌ಗೆ ಬೀಳುತ್ತದೆ. 'ಡ್ರಾಪ್' ಇಟ್ಟಿದ್ದರೆ ಸಂಪರ್ಕ ತಕ್ಷಣ ಮುರಿಯುತ್ತದೆ, ಯಾರ ಮೇಲ್ ಹೋಯಿತು ಎಂಬ ಗುರುತೂ ಉಳಿಯದು. ಎನ್‌ಫೋರ್ಸ್ ಇಟ್ಟುಕೊಳ್ಳಲು ಈ ಒಂದೇ ಕಾರಣ ಸಾಕು.

ಲಾಗ್ ಏನು ಹೇಳುತ್ತದೆ

ಮೇಲ್ ಲಾಗ್‌ನಲ್ಲಿ 'ಬ್ಲಾಕ್ಡ್ ಯೂಸಿಂಗ್' ಎಂಬ ಪದಗಳಿರುವ ಸಾಲುಗಳನ್ನು ಗ್ರೆಪ್ ಮಾಡಿ, ಯಾವ ವಲಯದ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿ. ಪೋಸ್ಟ್‌ಸ್ಕ್ರೀನ್ ಇದ್ದರೆ ಡಿಎನ್‌ಎಸ್‌ಬ್ಲಾಗ್ ಎಂಬ ಪ್ರಕ್ರಿಯೆಯ ಸಾಲುಗಳು ಇನ್ನೂ ಉಪಯುಕ್ತ: ಯಾವ ಐಪಿ, ಯಾವ ಪಟ್ಟಿಯಲ್ಲಿ, ಯಾವ ಸಂಖ್ಯೆಯಾಗಿ ಸಿಕ್ಕಿತು ಎಂಬುದು ಅಲ್ಲಿ ನೇರವಾಗಿ ಇರುತ್ತದೆ. ಆ ಕೊನೆಯ ಸಂಖ್ಯೆಯೇ ರೋಗನಿರ್ಣಯದ ಮೂಲ.

ಸಂಖ್ಯೆ 127.0.0.2ರಿಂದ 127.0.0.11ರ ಒಳಗಿದ್ದರೆ ಅದು ನಿಜವಾದ ನಮೂದು. 127.255.255ರಿಂದ ಶುರುವಾದರೆ ಅದು ಸ್ಪ್ಯಾಮ್‌ಹೌಸ್ (ಇಲ್ಲಿ ಮುಖ್ಯವಾಗಿ ಬಳಸುವ ಝೆನ್ ಪಟ್ಟಿಯ ಸಂಸ್ಥೆ) ಕೊಡುವ ದೋಷಸೂಚನೆ. ಬಂದ ಐಪಿಗೂ ಅದಕ್ಕೂ ಸಂಬಂಧವೇ ಇಲ್ಲ. 127ರಿಂದ ಶುರುವಾಗದ ಯಾವುದೋ ಸಾರ್ವಜನಿಕ ಐಪಿ ಬಂದಿದ್ದರೆ, ಪಟ್ಟಿಯ ಡೊಮೇನ್ ಬೇರೆಯವರ ಪಾಲಾಗಿದೆ, ಇಲ್ಲವೇ ನಡುವಿನ ಡಿಎನ್‌ಎಸ್ ಸರ್ವರ್ 'ಇಲ್ಲ' ಎಂಬ ಉತ್ತರದ ಬದಲು ತನ್ನ ಜಾಹೀರಾತು ಪುಟದ ವಿಳಾಸ ತುರುಕುತ್ತಿದೆ. ತಿರಸ್ಕಾರದ ಸಂದೇಶದಲ್ಲೇ 'ಓಪನ್ ರಿಸಾಲ್ವರ್' ಎಂಬ ಮಾತು ಕಂಡರೆ ಮುಂದಿನ ಭಾಗ ಬಿಟ್ಟು ನೇರವಾಗಿ ರಿಸಾಲ್ವರ್ ಭಾಗಕ್ಕೆ ಹೋಗಿ.

ಲಾಗ್‌ನಲ್ಲಿ 'ಆರ್‌ಬಿಎಲ್ ಲುಕಪ್ ಎರರ್' ಎಂಬ ಎಚ್ಚರಿಕೆ ಸಾಲುಗಟ್ಟಿ ಬರುತ್ತಿದ್ದರೆ ಪಟ್ಟಿಯ ನೇಮ್‌ಸರ್ವರ್ ಉತ್ತರಿಸುತ್ತಿಲ್ಲ. ಪೋಸ್ಟ್‌ಫಿಕ್ಸ್ ಇದನ್ನು 'ಪಟ್ಟಿಯಲ್ಲಿಲ್ಲ' ಎಂದೇ ಎಣಿಸಿ ಮೇಲ್ ಒಳಗೆ ಬಿಡುತ್ತದೆ. ಮೇಲ್ ಕಳೆಯುವುದಿಲ್ಲ, ಆದರೆ ಎಲ್ಲ ನಿಧಾನವಾಗುತ್ತದೆ. ಸಾಮಾನ್ಯ ರಿಸಾಲ್ವರ್ ಲೈಬ್ರರಿ ಒಂದು ಪ್ರಶ್ನೆಗೆ 5 ಸೆಕೆಂಡ್ ಕಾದು ಎರಡು ಸಲ ಪ್ರಯತ್ನಿಸುತ್ತದೆ. ಎಸ್‌ಎಂಟಿಪಿಡಿ ಪಟ್ಟಿಗಳನ್ನು ಒಂದರ ನಂತರ ಒಂದಾಗಿ ಕೇಳುವುದರಿಂದ ಸತ್ತ ಪಟ್ಟಿ ಮೂರಿದ್ದರೆ ಪ್ರತಿ ಸಂಪರ್ಕಕ್ಕೂ ಅರ್ಧ ನಿಮಿಷದ ತನಕ ಹೆಚ್ಚುವರಿ. ಮೂಲ ಮಿತಿಯಾದ 100 ಪ್ರಕ್ರಿಯೆಗಳು ಹೀಗೆ ಕಾಯುತ್ತ ತುಂಬಿಕೊಂಡರೆ ಹೊಸ ಸಂಪರ್ಕಗಳಿಗೆ ಜಾಗವಿರದು. 'ಸರ್ವರ್ ಸ್ಲೋ ಆಗಿದೆ, ರ್‍ಯಾಮ್ ಹೆಚ್ಚಿಸೋಣ' ಎನ್ನುವ ಮುಂಚೆ ಈ ಸಾಲನ್ನು ಹುಡುಕಿ.

ಎರಡು ಪ್ರಶ್ನೆ, ಹತ್ತು ಸೆಕೆಂಡ್

ಡಿಎನ್‌ಎಸ್ ಬ್ಲಾಕ್‌ಲಿಸ್ಟ್ ಕೆಲಸ ಮಾಡುವ ಬಗೆ ಸರಳ. 203.0.113.45 ಎಂಬ ಐಪಿಯಿಂದ ಸಂಪರ್ಕ ಬಂದರೆ ಅಂಕಿಗಳನ್ನು ತಿರುಗಿಸಿ, ಕೊನೆಗೆ ಪಟ್ಟಿಯ ಹೆಸರು ಸೇರಿಸಿ, 45.113.0.203.ಝೆನ್.ಸ್ಪ್ಯಾಮ್‌ಹೌಸ್.ಆರ್ಗ್ ಎಂದು ಎ ದಾಖಲೆ (ಆ ಹೆಸರಿನ ಐಪಿ) ಕೇಳಲಾಗುತ್ತದೆ. ಉತ್ತರ ಬಂದರೆ ಪಟ್ಟಿಯಲ್ಲಿದೆ. 'ಅಂಥ ಹೆಸರಿಲ್ಲ' ಎಂದು ಬಂದರೆ ಇಲ್ಲ. 2010ರ ಆರ್‌ಎಫ್‌ಸಿ 5782 ಪ್ರಕಾರ ಪ್ರತಿ ಐಪಿವಿ4 ಪಟ್ಟಿಯಲ್ಲೂ 127.0.0.2 ಇರಲೇಬೇಕು, 127.0.0.1 ಇರಲೇಬಾರದು. ಈ ನಿಯಮವೇ ನಮ್ಮ ಪರೀಕ್ಷಾ ಸಾಧನ:

ಡಿಗ್ +ಶಾರ್ಟ್ 2.0.0.127.ಝೆನ್.ಸ್ಪ್ಯಾಮ್‌ಹೌಸ್.ಆರ್ಗ್
ಡಿಗ್ +ಶಾರ್ಟ್ 1.0.0.127.ಝೆನ್.ಸ್ಪ್ಯಾಮ್‌ಹೌಸ್.ಆರ್ಗ್

ಮೊದಲನೆಯದಕ್ಕೆ 127.0.0.2, 127.0.0.4, 127.0.0.10 ಎಂಬ ಮೂರು ಸಾಲು ಬರಬೇಕು. ಎರಡನೆಯದಕ್ಕೆ ಏನೂ ಬರಬಾರದು. ಎರಡೂ ಸರಿಯಿದ್ದರೆ ಈ ಶೆಲ್‌ನಿಂದ ಪಟ್ಟಿಯವರೆಗಿನ ದಾರಿ ಸರಿಯಿದೆ. ಎರಡಕ್ಕೂ ಉತ್ತರ ಬಂದರೆ ಪಟ್ಟಿ ಜಗತ್ತನ್ನೇ ತಡೆಯುತ್ತಿದೆ. ಎರಡಕ್ಕೂ ಏನೂ ಬಾರದಿದ್ದರೆ ಪಟ್ಟಿ ಸತ್ತಿದೆ ಅಥವಾ ಉತ್ತರ ದಾರಿಯಲ್ಲಿ ಸೋರಿಹೋಗುತ್ತಿದೆ. ಸಂರಚನೆಯಲ್ಲಿರುವ ಪ್ರತಿ ಪಟ್ಟಿಗೂ ಇದನ್ನೇ ಮಾಡಿ.

ರಿಸಾಲ್ವರ್: ಹೆಚ್ಚಿನ ದೂರುಗಳ ಮೂಲ

ಸರ್ವರ್‌ನ ರಿಸಾಲ್ವ್.ಕಾನ್ಫ್‌ನಲ್ಲಿ 8.8.8.8 ಅಥವಾ 1.1.1.1 ಇದ್ದರೆ ತನಿಖೆ ಅಲ್ಲಿಗೇ ಮುಗಿಯಿತು ಎನ್ನಬಹುದು. ಸ್ಪ್ಯಾಮ್‌ಹೌಸ್‌ನ ಉಚಿತ ಸೇವೆ ಕೇಳುವವರ ಐಪಿ ನೋಡಿ ಎಣಿಕೆ ಇಡುತ್ತದೆ. ಸಾರ್ವಜನಿಕ ರಿಸಾಲ್ವರ್ ಮೂಲಕ ಹೋದರೆ ಲಕ್ಷಾಂತರ ಸರ್ವರ್‌ಗಳ ಪ್ರಶ್ನೆ ಒಂದೇ ಮೂಲದಿಂದ ಬಂದಂತೆ ಕಾಣುವುದರಿಂದ ಅದಕ್ಕೆ ಉತ್ತರ ಕೊಡುವುದಿಲ್ಲ, 127.255.255.254 ಎಂದು ದೋಷಸೂಚನೆ ಕೊಡುತ್ತದೆ. ಪ್ರಶ್ನೆಗಳ ಮಿತಿ ಮೀರಿದ್ದರೆ 127.255.255.255. ಪಟ್ಟಿಯ ಹೆಸರನ್ನೇ ತಪ್ಪಾಗಿ ಟೈಪ್ ಮಾಡಿದ್ದರೆ 127.255.255.252. ಸಂರಚನೆಯಲ್ಲಿ ಯಾವ ಉತ್ತರ ಮಾನ್ಯ ಎಂದು ಬರೆಯದಿದ್ದರೆ ಪೋಸ್ಟ್‌ಫಿಕ್ಸ್‌ಗೆ ಯಾವ ಉತ್ತರವಾದರೂ 'ಪಟ್ಟಿಯಲ್ಲಿದೆ' ಎಂದೇ ಅರ್ಥ. ಅಲ್ಲಿಗೆ ಜಗತ್ತಿನ ಎಲ್ಲ ಮೇಲೂ ವಾಪಸ್.

254 ಸೂಚನೆ ಗೂಗಲ್, ಕ್ಲೌಡ್‌ಫ್ಲೇರ್‌ಗಳಿಗಷ್ಟೇ ಸೀಮಿತವಲ್ಲ. ವಿಪಿಎಸ್ ಬಾಡಿಗೆ ಕೊಡುವ ಕಂಪನಿ ತನ್ನ ಎಲ್ಲ ಗ್ರಾಹಕರಿಗೆ ಹಂಚುವ ರಿಸಾಲ್ವರ್‌ಗೂ ಅದು ಬರಬಹುದು. ಸ್ವಂತ ರಿಸಾಲ್ವರ್ ಇದ್ದೂ ಆ ಐಪಿಯ ರಿವರ್ಸ್ ಡಿಎನ್‌ಎಸ್ ಹೆಸರು (ಐಪಿ ಕೊಟ್ಟರೆ ಸಿಗುವ ಹೆಸರು) ಕಂಪನಿ ಕೊಟ್ಟ ಅನಾಮಿಕ ಹೆಸರೇ ಆಗಿದ್ದರೂ ಬರಬಹುದು. ಆದ್ದರಿಂದ ಸರ್ವರ್ ಐಪಿಗೆ ನಿಮ್ಮ ಡೊಮೇನಿನ ರಿವರ್ಸ್ ಹೆಸರು ಕೊಡುವ ಪಿಟಿಆರ್ ದಾಖಲೆ ಹಾಕಿಸಿ. ಮೇಲ್ ಕಳಿಸುವುದಕ್ಕೂ ಅದು ಹೇಗಿದ್ದರೂ ಬೇಕು. ಐಪಿವಿ4ಗೆ ಪಿಟಿಆರ್ ಇದ್ದು ಐಪಿವಿ6ಗೆ ಇಲ್ಲದಿದ್ದರೆ ಪ್ರಶ್ನೆಗಳು ಕೆಲವೊಮ್ಮೆ ಈ ದಾರಿಯಲ್ಲಿ, ಕೆಲವೊಮ್ಮೆ ಆ ದಾರಿಯಲ್ಲಿ ಹೋಗಿ ದೋಷ ಬಿಟ್ಟು ಬಿಟ್ಟು ಕಾಣಿಸಿಕೊಳ್ಳುತ್ತದೆ. ಹುಡುಕಲು ಇದು ಅತ್ಯಂತ ಕಿರಿಕಿರಿಯ ಬಗೆ.

ಪರಿಹಾರ: ಅದೇ ಯಂತ್ರದಲ್ಲಿ ಅನ್‌ಬೌಂಡ್ ಎಂಬ ರಿಸಾಲ್ವರ್ ಸ್ಥಾಪಿಸಿ, ಯಾವ ಫಾರ್ವರ್ಡ್ ವಲಯವನ್ನೂ ಕೊಡದೆ, ತಾನೇ ಮೂಲ ಸರ್ವರ್‌ಗಳಿಂದ ಹುಡುಕುವಂತೆ ಬಿಡಿ. ಫೈರ್‌ವಾಲ್‌ನಲ್ಲಿ ಹೊರಹೋಗುವ 53ನೇ ಪೋರ್ಟ್ ಯುಡಿಪಿ ಮತ್ತು ಟಿಸಿಪಿ ಎರಡಕ್ಕೂ ತೆರೆದಿರಬೇಕು. ರಿಸಾಲ್ವ್.ಕಾನ್ಫ್‌ನಲ್ಲಿ ನೇಮ್‌ಸರ್ವರ್ 127.0.0.1 ಒಂದೇ ಇರಲಿ. 'ಬ್ಯಾಕಪ್‌ಗೆ ಇರಲಿ' ಎಂದು ಕೆಳಗೆ 8.8.8.8 ಸೇರಿಸಿದರೆ ಅನ್‌ಬೌಂಡ್ ಒಂದು ಸಲ ತಡವರಿಸಿದಾಗ ಪ್ರಶ್ನೆ ಅಲ್ಲಿಗೆ ಹೋಗಿ, ಹಳೇ ದೋಷ ಹೊಸದಾಗಿ ಬರುತ್ತದೆ.

ನಿಜಕ್ಕೂ ಎಲ್ಲಿಂದ ಪ್ರಶ್ನೆ ಹೊರಡುತ್ತಿದೆ ಎಂದು ತಿಳಿಯಲು 'ಡಿಗ್ +ಶಾರ್ಟ್ ಹೂಆಮ್‌ಐ.ಅಕಮಾಯ್.ನೆಟ್' ಕೊಡಿ. ಉತ್ತರದಲ್ಲಿ ನಿಮ್ಮ ಸರ್ವರ್‌ನದೇ ಐಪಿ ಬಂದರೆ ಸರಿ. ಬೇರೆ ಐಪಿ ಬಂದರೆ ನಡುವೆ ಯಾರೋ ಇದ್ದಾರೆ, ಹೆಚ್ಚಾಗಿ 127.0.0.53ರಲ್ಲಿ ಕುಳಿತು ಬೇರೆಡೆಗೆ ಪ್ರಶ್ನೆ ದಾಟಿಸುವ ಸಿಸ್ಟಮ್‌ಡಿ-ರಿಸಾಲ್ವ್ಡ್.

ಇಷ್ಟು ಮಾಡಿದ ಮೇಲೂ ಡಿಗ್ ಸರಿಯಾದ ಉತ್ತರ ಕೊಡುತ್ತಿದ್ದು ಪೋಸ್ಟ್‌ಫಿಕ್ಸ್ ಮಾತ್ರ 254 ಎನ್ನುತ್ತಿದ್ದರೆ ಕ್ರೂಟ್ ನೋಡಿ. ಡೆಬಿಯನ್‌ನ ಹಲವು ಆವೃತ್ತಿಗಳಲ್ಲಿ ಪೋಸ್ಟ್‌ಫಿಕ್ಸ್‌ನ ಹಲವು ಪ್ರಕ್ರಿಯೆಗಳು ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಒಳಗೆ ಬಂಧಿಯಾಗಿ ಓಡುತ್ತವೆ. ಅವು ಓದುವುದು ಅಲ್ಲಿನ ಇಟಿಸಿ ಒಳಗಿರುವ ರಿಸಾಲ್ವ್.ಕಾನ್ಫ್ ಪ್ರತಿಯನ್ನು, ವ್ಯವಸ್ಥೆಯ ಮೂಲ ಕಡತವನ್ನಲ್ಲ. ಎರಡನ್ನೂ ಡಿಫ್ ಮಾಡಿ. ಬೇರೆ ಬೇರೆ ಇದ್ದರೆ ಪೋಸ್ಟ್‌ಫಿಕ್ಸ್ ಅನ್ನು ಪೂರ್ತಿ ನಿಲ್ಲಿಸಿ ಶುರು ಮಾಡಿ, ಪ್ರತಿ ಹೊಸದಾಗುತ್ತದೆ. ರೀಬೂಟ್ ಆದ ಮೇಲೆ ಮಾತ್ರ ದೋಷ ಮರಳುತ್ತಿದ್ದರೆ ಡಿಎಚ್‌ಸಿಪಿ ಕ್ಲೈಂಟ್ ರಿಸಾಲ್ವ್.ಕಾನ್ಫ್ ಅನ್ನು ತಿದ್ದಿ ಬರೆಯುತ್ತಿದೆ ಎಂದರ್ಥ.

ಸ್ವಂತ ರಿಸಾಲ್ವರ್ ಓಡಿಸಲು ಆಗದ ಕಡೆ ಸ್ಪ್ಯಾಮ್‌ಹೌಸ್‌ನ ಡೇಟಾ ಕ್ವೆರಿ ಸರ್ವಿಸ್‌ಗೆ ನೋಂದಾಯಿಸಬಹುದು. ಅಲ್ಲಿ ಕೇಳುವವರ ಗುರುತು ಐಪಿಯಲ್ಲಿಲ್ಲ, ವಲಯದ ಹೆಸರಿನ ಆರಂಭಕ್ಕೆ ಸೇರಿಸುವ ಕೀಲಿಯಲ್ಲಿದೆ. ಸಣ್ಣ ಪ್ರಮಾಣದ, ವಾಣಿಜ್ಯೇತರ ಬಳಕೆಗೆ ಅದೂ ಉಚಿತ. ಒಂದು ಎಚ್ಚರ: ತಿರಸ್ಕಾರದ ಸಂದೇಶದಲ್ಲಿ ವಲಯದ ಪೂರ್ತಿ ಹೆಸರು ಹೋಗುತ್ತದೆ, ಅದರೊಂದಿಗೆ ನಿಮ್ಮ ಕೀಲಿಯೂ ಪ್ರತಿ ಸ್ಪ್ಯಾಮರ್ ಕೈಗೆ. ಪೋಸ್ಟ್‌ಸ್ಕ್ರೀನ್‌ಗೆ ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ರಿಪ್ಲೈ_ಮ್ಯಾಪ್, ಎಸ್‌ಎಂಟಿಪಿಡಿಗೆ ಆರ್‌ಬಿಎಲ್_ರಿಪ್ಲೈ_ಮ್ಯಾಪ್ಸ್ ಬಳಸಿ ಹೊರಗೆ ಕಾಣುವ ಹೆಸರನ್ನು ಬದಲಿಸಿ.

ಎಲ್ಲವೂ ತಡೆ: ಸತ್ತ ಪಟ್ಟಿಗಳ ಕಾಟ

ರಿಸಾಲ್ವರ್ ಸರಿಯಿದ್ದೂ ಎಲ್ಲ ಮೇಲ್ ವಾಪಸಾಗುತ್ತಿದ್ದರೆ ಸಂರಚನೆಯಲ್ಲಿ ಯಾವುದೋ ಹಳೇ ಪಟ್ಟಿ ಉಳಿದಿದೆ. ಪಟ್ಟಿ ನಡೆಸುವವರು ಅಂಗಡಿ ಮುಚ್ಚಿದರೂ ಸಾವಿರಾರು ಸರ್ವರ್‌ಗಳು ವರ್ಷಗಟ್ಟಲೆ ಪ್ರಶ್ನೆ ಕೇಳುತ್ತಲೇ ಇರುತ್ತವೆ. ಓಆರ್‌ಡಿಬಿ ಎಂಬ ಪಟ್ಟಿ 2006ರ ಡಿಸೆಂಬರ್‌ನಲ್ಲಿ ನಿಂತಿತು. ಪ್ರಶ್ನೆಗಳು ಮಾತ್ರ ನಿಲ್ಲಲಿಲ್ಲ. 2008ರ ಮಾರ್ಚ್‌ನಲ್ಲಿ ಅದು ಯಾವ ಐಪಿ ಕೇಳಿದರೂ 'ಪಟ್ಟಿಯಲ್ಲಿದೆ' ಎನ್ನತೊಡಗಿತು, ಅಲ್ಲಿಯವರೆಗೂ ಗಮನಿಸದಿದ್ದವರ ಮೇಲ್ ಪೂರ್ತಿ ನಿಂತಿತು. ಎಎಚ್‌ಬಿಎಲ್ 2015ರ ಜನವರಿಯಲ್ಲಿ ಅದೇ ದಾರಿ ಹಿಡಿಯಿತು. ಬೇರೊಂದು ಬಗೆಯ ಪೆಟ್ಟು 2021ರ ಜನವರಿ 31ರದು. ಸ್ಪ್ಯಾಮ್‌ಕಾಪ್ ಪಟ್ಟಿಯ ಡೊಮೇನ್ ನವೀಕರಣವಾಗದೆ ಅವಧಿ ಮುಗಿದು ಪಾರ್ಕಿಂಗ್ ಪುಟಕ್ಕೆ ಹೋಯಿತು. ಅದರಡಿಯ ಯಾವ ಹೆಸರು ಕೇಳಿದರೂ ಒಂದು ಐಪಿ ಸಿಗುವಂತಾಗಿ, ಜೀವಂತ ಪಟ್ಟಿಯೇ ಕೆಲ ಹೊತ್ತು ಎಲ್ಲರನ್ನೂ ತಡೆಯಿತು.

ಈ ಎರಡು ಬಗೆಗೆ ಮದ್ದು ಬೇರೆ ಬೇರೆ. ಸ್ಪ್ಯಾಮ್‌ಕಾಪ್ ಪ್ರಸಂಗದಲ್ಲಿ ಬಂದ ಉತ್ತರ 127ರ ವ್ಯಾಪ್ತಿಯದಲ್ಲ. ಆದ್ದರಿಂದ ಹೆಸರಿನ ಕೊನೆಗೆ =127.0.0.2 ಎಂದು ಮಾನ್ಯ ಉತ್ತರ ಬರೆದಿಟ್ಟವರಿಗೆ ಏನೂ ಆಗುತ್ತಿರಲಿಲ್ಲ. ಪೋಸ್ಟ್‌ಫಿಕ್ಸ್‌ನಲ್ಲಿ ಈ ಸೌಲಭ್ಯ ಹಿಂದಿನಿಂದಲೂ ಇದೆ, [2..11]ರಂತೆ ವ್ಯಾಪ್ತಿ ಬರೆಯುವುದು 2.8ರಿಂದ, ಆದರೂ ಅಂತರ್ಜಾಲದಲ್ಲಿ ಹರಿದಾಡುವ ಹಳೇ ಮಾದರಿಗಳಲ್ಲಿ ಇದು ಕಾಣುವುದೇ ಇಲ್ಲ. ಮುಚ್ಚಿದ ಪಟ್ಟಿ ಬೇಕೆಂದೇ ಮಾನ್ಯ ವ್ಯಾಪ್ತಿಯ ಉತ್ತರ ಕೊಟ್ಟರೆ ಮಾತ್ರ ಈ ಸೋಸುವಿಕೆ ಕೆಲಸಕ್ಕೆ ಬಾರದು. ಅದನ್ನು ಹಿಡಿಯುವುದು 127.0.0.1 ಪರೀಕ್ಷೆಯೇ.

ಸೋರ್ಬ್ಸ್ 2024ರ ಜೂನ್ 5ರಂದು ನಿಂತಿದೆ. ಎನ್‌ಜೆಎಬಿಎಲ್ 2013ರಲ್ಲೇ ಹೋಗಿದೆ. ಇವುಗಳ ಹೆಸರಿದ್ದರೆ ಈಗಲೇ ಅಳಿಸಿ. ಇಂದು ತೊಂದರೆ ಕೊಡುತ್ತಿಲ್ಲ ಎಂಬುದು ನಾಳೆಗೆ ಭರವಸೆಯಲ್ಲ. ಎಸ್‌ಎಂಟಿಪಿಡಿ, ಪೋಸ್ಟ್‌ಸ್ಕ್ರೀನ್, ಮೇಲ್‌ಗೆ ಅಂಕ ಹಾಕಿ ಸೋಸುವ ಸ್ಪ್ಯಾಮ್‌ಅಸಾಸಿನ್‌ನ ಸ್ಥಳೀಯ ನಿಯಮ, ಮೂರೂ ಕಡೆ ಹುಡುಕಬೇಕು.

ಏನೂ ತಡೆಯುತ್ತಿಲ್ಲ

127.0.0.2 ಪರೀಕ್ಷೆಗೆ ಖಾಲಿ ಉತ್ತರ ಬರುತ್ತಿದ್ದರೆ ರಿಬೈಂಡಿಂಗ್ ರಕ್ಷಣೆಯನ್ನು ಶಂಕಿಸಿ. ಹೊರಗಿನ ಡಿಎನ್‌ಎಸ್ ಉತ್ತರದಲ್ಲಿ ಖಾಸಗಿ ಐಪಿ ಬಂದರೆ ಕಿತ್ತುಹಾಕುವ ವ್ಯವಸ್ಥೆ ಇದು. ಅನ್‌ಬೌಂಡ್‌ನ ಪ್ರೈವೇಟ್-ಅಡ್ರೆಸ್ ಸಾಲುಗಳಲ್ಲಿ ಯಾರೋ ಮುತುವರ್ಜಿಯಿಂದ 127.0.0.0/8 ಸೇರಿಸಿದ್ದರೆ ಬ್ಲಾಕ್‌ಲಿಸ್ಟ್‌ನ ಎಲ್ಲ ಉತ್ತರಗಳೂ ಸದ್ದಿಲ್ಲದೆ ಮಾಯ. ಆ ಸಾಲು ತೆಗೆಯಿರಿ. ಡಿಎನ್‌ಎಸ್‌ಮಾಸ್ಕ್ ಎಂಬ ಸಣ್ಣ ಡಿಎನ್‌ಎಸ್ ಸರ್ವರ್‌ನಲ್ಲಿ ಸ್ಟಾಪ್-ಡಿಎನ್‌ಎಸ್-ರಿಬೈಂಡ್ ಇದ್ದರೆ ಜೊತೆಗೆ ರಿಬೈಂಡ್-ಲೋಕಲ್‌ಹೋಸ್ಟ್-ಓಕೆ ಸೇರಿಸಿ. ಕಚೇರಿಯಲ್ಲೇ ಸರ್ವರ್ ಇಟ್ಟು ರೌಟರ್ ಮೂಲಕ ಡಿಎನ್‌ಎಸ್ ಕೇಳುವ ಕಡೆ ಇದು ಮಾಮೂಲಿ.

ಪರೀಕ್ಷೆ ಸರಿಯಿದ್ದೂ ತಡೆ ಇಲ್ಲವೆಂದರೆ ಲಾಗ್‌ನಲ್ಲಿ ಬರುವ ಕ್ಲೈಂಟ್ ಐಪಿಗಳನ್ನು ನೋಡಿ. ಎಲ್ಲ ಸಂಪರ್ಕವೂ 172.17.0.1ರಿಂದ ಬಂದಂತೆ ಕಂಡರೆ ಪೋಸ್ಟ್‌ಫಿಕ್ಸ್ ಡಾಕರ್ ಕಂಟೇನರ್ ಒಳಗಿದೆ, ನಿಜವಾದ ಮೂಲ ವಿಳಾಸ ನಡುವಿನ ಪ್ರಾಕ್ಸಿಯಲ್ಲೇ ಅಳಿಸಿಹೋಗುತ್ತಿದೆ. ಖಾಸಗಿ ವಿಳಾಸ ಯಾವ ಪಟ್ಟಿಯಲ್ಲೂ ಇರುವುದಿಲ್ಲವಲ್ಲ. ಸ್ಪ್ಯಾಮ್‌ಗಿಂತ ದೊಡ್ಡ ಅಪಾಯವೂ ಇದರಲ್ಲೇ ಅಡಗಿದೆ: ಮೈನೆಟ್‌ವರ್ಕ್ಸ್‌ನಲ್ಲಿ (ಪೋಸ್ಟ್‌ಫಿಕ್ಸ್ ನಂಬುವ ಜಾಲಗಳ ಪಟ್ಟಿ) 172.16.0.0/12 ಇದ್ದರೆ ಇಡೀ ಜಗತ್ತು ನಿಮ್ಮ 'ಒಳಗಿನ ಜಾಲ' ಆಗಿ, ಸರ್ವರ್ ಓಪನ್ ರಿಲೇ (ಯಾರು ಬೇಕಾದರೂ ಎಲ್ಲಿಗಾದರೂ ಮೇಲ್ ಕಳಿಸಬಲ್ಲ ದಾರಿ) ಆಗಿರುತ್ತದೆ. ಇದನ್ನು ಕಂಡ ಕ್ಷಣ ಸೇವೆ ನಿಲ್ಲಿಸಿ ಸರಿಪಡಿಸಿ. ಎಚ್‌ಎಪ್ರಾಕ್ಸಿ ಮುಂದಿದ್ದರೆ ಮೂಲ ಐಪಿಯನ್ನೂ ಜೊತೆಗೆ ದಾಟಿಸುವ ಪ್ರಾಕ್ಸಿ ಪ್ರೊಟೊಕಾಲ್ ಚಾಲೂ ಮಾಡಿ. ಪೋಸ್ಟ್‌ಸ್ಕ್ರೀನ್‌ಗೆ ಅದಕ್ಕೆಂದೇ ಪೋಸ್ಟ್‌ಸ್ಕ್ರೀನ್_ಅಪ್‌ಸ್ಟ್ರೀಮ್_ಪ್ರಾಕ್ಸಿ_ಪ್ರೊಟೊಕಾಲ್ ಇದೆ.

ಬ್ಯಾಕಪ್ ಎಂಎಕ್ಸ್ (ಮುಖ್ಯ ಸರ್ವರ್ ಸಿಗದಾಗ ಮೇಲ್ ಪಡೆಯುವ ಎರಡನೇ ಸರ್ವರ್) ಮೂಲಕ ಬರುವ ಕಸಕ್ಕೂ ಇದೇ ಕಾರಣ. ಅಲ್ಲಿ ಕ್ಲೈಂಟ್ ಐಪಿ ನಿಮ್ಮದೇ ಇನ್ನೊಂದು ಸರ್ವರ್‌ನದು. ಸ್ಪ್ಯಾಮರ್‌ಗಳು ಬೇಕೆಂದೇ ಕಡಿಮೆ ಆದ್ಯತೆಯ ಎಂಎಕ್ಸ್ ಹಿಡಿಯುತ್ತಾರೆ. ಎರಡೂ ಕಡೆ ಒಂದೇ ಪಟ್ಟಿ ಹಾಕಿ, ಆಗದಿದ್ದರೆ ಬ್ಯಾಕಪ್ ಎಂಎಕ್ಸ್ ತೆಗೆದುಬಿಡಿ. ಕಳಿಸುವ ಸರ್ವರ್‌ಗಳು ಹೇಗೂ ಕ್ಯೂನಲ್ಲಿ ಇಟ್ಟುಕೊಳ್ಳುವುದರಿಂದ ಸಣ್ಣ ಸಂಸ್ಥೆಗೆ ಅದರ ಅಗತ್ಯ ಕಡಿಮೆ.

ಒಳ್ಳೆಯ ಮೇಲ್ ಸಿಕ್ಕಿಬೀಳುತ್ತಿದೆ

ಸಿಕ್ಕಿಬಿದ್ದವರು ನಿಮ್ಮದೇ ಸಿಬ್ಬಂದಿಯೇ, ಹೊರಗಿನವರೇ ಎಂದು ಮೊದಲು ಬೇರ್ಪಡಿಸಿ.

ಸಿಬ್ಬಂದಿಯಾದರೆ, ಉತ್ತರ 127.0.0.10 ಅಥವಾ 127.0.0.11 ಆಗಿರುವುದೇ ಹೆಚ್ಚು. ಅದು ಸ್ಪ್ಯಾಮ್‌ಹೌಸ್‌ನ ಪಿಬಿಎಲ್ ಪಟ್ಟಿ. ಇದರಲ್ಲಿರುವುದು ಸ್ಪ್ಯಾಮ್ ಕಳಿಸಿದವರ ಹೆಸರಲ್ಲ. ಮನೆಯ ಬ್ರಾಡ್‌ಬ್ಯಾಂಡ್‌ನಂಥ ವ್ಯಾಪ್ತಿಯಿಂದ ಯಾರೂ ನೇರವಾಗಿ ಬೇರೆಯವರ ಎಂಎಕ್ಸ್‌ಗೆ ಮೇಲ್ ಕೊಡಬಾರದು ಎಂಬ ನೀತಿ ಅಷ್ಟೇ. 4ರಿಂದ 7ರ ಒಳಗಿನ ಉತ್ತರ ಬಂದರೆ ಎಕ್ಸ್‌ಬಿಎಲ್, ಅಂದರೆ ಸೋಂಕು ತಗುಲಿದ ಯಂತ್ರಗಳ ಪಟ್ಟಿ. ನಮ್ಮ ಮೊಬೈಲ್ ಜಾಲಗಳಲ್ಲಿ ಸಿಜಿನ್ಯಾಟ್‌ನಿಂದಾಗಿ ಒಂದೇ ಸಾರ್ವಜನಿಕ ಐಪಿಯ ಹಿಂದೆ ಬಹಳಷ್ಟು ಜನ ಇರುತ್ತಾರೆ. ಯಾರದೋ ಫೋನಿನ ಸೋಂಕಿಗೆ ನಿಮ್ಮ ಲೆಕ್ಕಾಧಿಕಾರಿಯ ಮೇಲ್ ನಿಲ್ಲುತ್ತದೆ. ಎರಡಕ್ಕೂ ಪರಿಹಾರ ಪಟ್ಟಿ ತೆಗೆಯುವುದಲ್ಲ. ಸಿಬ್ಬಂದಿ 25ನೇ ಪೋರ್ಟ್ ಬಿಟ್ಟು 587 ಅಥವಾ 465ರಲ್ಲಿ ಪಾಸ್‌ವರ್ಡ್ ಕೊಟ್ಟು ಕಳಿಸಬೇಕು, ಆ ಪೋರ್ಟ್‌ಗಳಲ್ಲಿ ಬ್ಲಾಕ್‌ಲಿಸ್ಟ್ ಇರಲೇಬಾರದು, ಪೋಸ್ಟ್‌ಸ್ಕ್ರೀನ್ ಅಂತೂ ಕೂಡದು. ಮಾಸ್ಟರ್.ಸಿಎಫ್‌ನ ಸಬ್ಮಿಷನ್ ಸೇವೆಯಡಿ ಕ್ಲೈಂಟ್ ಮತ್ತು ರೆಸಿಪಿಯೆಂಟ್ ನಿರ್ಬಂಧ ಎರಡನ್ನೂ 'ಪರ್ಮಿಟ್_ಎಸ್‌ಎಎಸ್‌ಎಲ್_ಅಥೆಂಟಿಕೇಟೆಡ್, ರಿಜೆಕ್ಟ್' ಎಂದು ಬದಲಿಸಿ. ಒಂದನ್ನು ಮಾತ್ರ ಬದಲಿಸಿ ಇನ್ನೊಂದನ್ನು ಮರೆತರೆ ಮೇನ್.ಸಿಎಫ್‌ನ ತಡೆ ಹಿಂಬಾಗಿಲಿನಿಂದ ಬರುತ್ತದೆ.

ಸಿಬ್ಬಂದಿ ಕಳಿಸಿದ ಮೇಲ್ ಹೋಗುತ್ತಿದ್ದೂ ಸ್ಪ್ಯಾಮ್‌ಅಸಾಸಿನ್ ಅದಕ್ಕೆ ಪಿಬಿಎಲ್ ಅಂಕ ಹಾಕುತ್ತಿದ್ದರೆ ಎಸ್‌ಎಂಟಿಪಿಡಿ_ಎಸ್‌ಎಎಸ್‌ಎಲ್_ಅಥೆಂಟಿಕೇಟೆಡ್_ಹೆಡರ್ ಅನ್ನು 'ಎಸ್' ಮಾಡಿ. ಪಾಸ್‌ವರ್ಡ್ ಕೊಟ್ಟು ಬಂದವರೆಂದು ಹೆಡರ್‌ನಿಂದ ಅದಕ್ಕೆ ಗೊತ್ತಾಗುತ್ತದೆ.

ಹೊರಗಿನವರಾದರೆ ಯಾವ ಪಟ್ಟಿ ತಡೆಯಿತು ಎಂಬುದೇ ಉತ್ತರ. ಯುಸಿಇಪ್ರೊಟೆಕ್ಟ್ ಪಟ್ಟಿಯ ಮೂರನೇ ಹಂತ ಕಂಡರೆ ಬೇರೆ ವಿಚಾರಣೆ ಬೇಡ, ತೆಗೆದುಹಾಕಿ. ಮೊದಲ ಹಂತ ಬಿಡಿ ಐಪಿಗಳದು, ಎರಡನೆಯದು ಐಪಿ ಹಂಚಿಕೆಗಳದು, ಮೂರನೆಯದು ಇಡೀ ಸ್ವಾಯತ್ತ ಜಾಲದ್ದು. ಒಂದೇ ಹೋಸ್ಟಿಂಗ್ ಕಂಪನಿಯ ಕೆಲ ಗ್ರಾಹಕರು ಕೆಟ್ಟರೆ ಉಳಿದ ಎಲ್ಲರೂ ಪಟ್ಟಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಡೆಗೆ ಇದನ್ನು ಒಂಟಿಯಾಗಿ ಬಳಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಸ್ಪ್ಯಾಮ್‌ಕಾಪ್ ಆದರೆ ಬೇರೆ ಮಾತು: ಅದು ದೂರುಗಳ ಮೇಲೆ ತಾನೇ ತಾನಾಗಿ ನಡೆಯುತ್ತದೆ, ಹೊಸ ದೂರು ಬಾರದಿದ್ದರೆ 24 ಗಂಟೆಯಲ್ಲಿ ಹೆಸರು ಉದುರುತ್ತದೆ. ಚುರುಕು, ಆದರೆ ದೊಡ್ಡ ಮೇಲ್ ಸೇವೆಗಳ ಹಂಚಿಕೆಯ ಐಪಿಗಳೂ ಆಗಾಗ ಬಂದುಹೋಗುತ್ತವೆ. ಅಂಕ ಕೊಡಲು ಚೆನ್ನ, ತೀರ್ಪು ಕೊಡಲು ಅಲ್ಲ.

'ವೈಟ್‌ಲಿಸ್ಟ್‌ಗೆ ಹಾಕಿದರೂ ತಡೆಯುತ್ತಿದೆ' ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಒಂದೇ. ಎಸ್‌ಎಂಟಿಪಿಡಿಯ ಚೆಕ್_ಕ್ಲೈಂಟ್_ಆಕ್ಸೆಸ್ ಕೋಷ್ಟಕವನ್ನು ಪೋಸ್ಟ್‌ಸ್ಕ್ರೀನ್ ಓದುವುದೇ ಇಲ್ಲ. ಅದಕ್ಕೆ ಪೋಸ್ಟ್‌ಸ್ಕ್ರೀನ್_ಆಕ್ಸೆಸ್_ಲಿಸ್ಟ್‌ನಲ್ಲಿ ಪ್ರತ್ಯೇಕ ಸಿಐಡಿಆರ್ (ಐಪಿ ವ್ಯಾಪ್ತಿಗಳ) ಕಡತ ಬೇಕು. ಕಳಿಸುವವರು ಪಟ್ಟಿಯಿಂದ ಹೆಸರು ತೆಗೆಸಿಕೊಂಡ ಮೇಲೂ ತಡೆಯಾಗುತ್ತಿದ್ದರೆ ಅದು ಹಳೇ ಉತ್ತರದ ಕ್ಯಾಶ್. 'ಅನ್‌ಬೌಂಡ್-ಕಂಟ್ರೋಲ್ ಫ್ಲಶ್_ಝೋನ್' ಕೊಟ್ಟು ಆ ವಲಯವನ್ನು ಖಾಲಿ ಮಾಡಿ.

ಹಾಗಾದರೆ ಯಾವ ಪಟ್ಟಿ?

ಕಡಿಮೆ. ಹತ್ತು ಪಟ್ಟಿ ಹಾಕಿದರೆ ಹತ್ತರಷ್ಟು ಸ್ಪ್ಯಾಮ್ ನಿಲ್ಲುವುದಿಲ್ಲ, ಒಂದೇ ಐಪಿಯನ್ನು ಹತ್ತು ಕಡೆ ಕೇಳಿದಂತಾಗುತ್ತದೆ, ಜೊತೆಗೆ ಕೆಡಬಲ್ಲ ಹತ್ತು ಜಾಗಗಳು. ಕೆಲವು ಪಟ್ಟಿಗಳಂತೂ ಇನ್ನೊಂದರ ಹೊಟ್ಟೆಯೊಳಗೇ ಇವೆ: ಸಿಬಿಎಲ್ ಎಂಬ ಹಳೇ ಪಟ್ಟಿಯ ಮಾಹಿತಿ ಎಕ್ಸ್‌ಬಿಎಲ್‌ನಲ್ಲಿದೆ, ಸ್ಪ್ಯಾಮ್‌ಹೌಸ್‌ನ ಎಸ್‌ಬಿಎಲ್, ಸಿಎಸ್‌ಎಸ್, ಎಕ್ಸ್‌ಬಿಎಲ್, ಪಿಬಿಎಲ್ ನಾಲ್ಕೂ ಝೆನ್‌ನಲ್ಲಿವೆ. ಝೆನ್ ಹಾಕಿ ಮತ್ತೆ ಎಕ್ಸ್‌ಬಿಎಲ್ ಹಾಕುವವರು ಒಂದೇ ಸಾಕ್ಷಿಯನ್ನು ಎರಡು ಸಲ ಎಣಿಸುತ್ತಾರೆ.

ಹೊಸ ಪಟ್ಟಿ ನೋಡುವಾಗ ಕೇಳಬೇಕಾದದ್ದು: ಐಪಿ ಹೇಗೆ ಒಳಬರುತ್ತದೆ, ತಾನಾಗಿ ಹೊರಹೋಗುತ್ತದೆಯೇ, ತೆಗೆಸಲು ಹಣ ಕೇಳುತ್ತಾರೆಯೇ, ಪ್ರಶ್ನೆಗಳಿಗೆ ಮಿತಿ ಎಷ್ಟು, ಮಿತಿ ಮೀರಿದರೆ ಯಾವ ಉತ್ತರ ಬರುತ್ತದೆ. ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ನಡುರಾತ್ರಿ ಎಬ್ಬಿಸುವುದು ಅದೇ.

ಸಣ್ಣ, ಮಧ್ಯಮ ಗಾತ್ರದ ಸರ್ವರ್‌ಗೆ ಪೋಸ್ಟ್‌ಸ್ಕ್ರೀನ್‌ನಲ್ಲಿ ಈ ಅಂಕಪಟ್ಟಿ ಸಾಕು. ಮಿತಿ 3 (* ಗುರುತಿನ ನಂತರದ್ದು ಅಂಕ; ಒಟ್ಟು 3 ಮುಟ್ಟಿದರೆ ತಡೆ):

ಝೆನ್.ಸ್ಪ್ಯಾಮ್‌ಹೌಸ್.ಆರ್ಗ್=127.0.0.[2..11]*3
ಬಿ.ಬರಾಕುಡಾಸೆಂಟ್ರಲ್.ಆರ್ಗ್=127.0.0.2*2
ಬಿಎಲ್.ಸ್ಪ್ಯಾಮ್‌ಕಾಪ್.ನೆಟ್=127.0.0.2*1
ಪಿಎಸ್‌ಬಿಎಲ್.ಸರಿಯಲ್.ಕಾಮ್=127.0.0.2*1
ಲಿಸ್ಟ್.ಡಿಎನ್‌ಎಸ್‌ಡಬ್ಲ್ಯುಎಲ್.ಆರ್ಗ್=127.0.[0..255].[1..3]*-2

ಲೆಕ್ಕ ಹೀಗೆ. ಝೆನ್ ಒಂಟಿಯಾಗಿ ತಡೆಯಬಲ್ಲದು. ಬರಾಕುಡಾಗೆ ಇನ್ನೊಬ್ಬರ ಬೆಂಬಲ ಬೇಕು. ಸ್ಪ್ಯಾಮ್‌ಕಾಪ್ ಮತ್ತು ಪಿಎಸ್‌ಬಿಎಲ್ ಇಬ್ಬರೇ ಸೇರಿದರೂ 2 ಮಾತ್ರ, ಮೇಲ್ ಒಳಗೆ ಬಂದು ಸ್ಪ್ಯಾಮ್‌ಅಸಾಸಿನ್ ಮುಂದೆ ನಿಲ್ಲುತ್ತದೆ. ಕೊನೆಯ ಸಾಲು ಬಿಳಿಪಟ್ಟಿ: ನಂಬಿಕೆಯ ಮಟ್ಟ 1ರಿಂದ 3 ಇರುವ ಸರ್ವರ್‌ಗೆ 2 ಅಂಕ ಕಡಿತ, ಹಾಗಾಗಿ ಝೆನ್ ಎಡವಿದರೂ ಅವರು ಪಾರು. ಮಟ್ಟ 0ಯನ್ನು ಬೇಕೆಂದೇ ಬಿಟ್ಟಿದೆ. ಒಳ್ಳೆಯದು ಕೆಟ್ಟದು ಎರಡನ್ನೂ ಕಳಿಸುವ ಭಾರೀ ಸೇವೆಗಳಿರುವುದು ಅಲ್ಲಿ. ಮಿತಿ ಮೀರಿದವರಿಗೆ ಈ ಬಿಳಿಪಟ್ಟಿ ಕೊಡುವ 127.0.0.255 ಕೂಡ ಈ ವ್ಯಾಪ್ತಿಯ ಹೊರಗೇ ಉಳಿಯುತ್ತದೆ. ಬರಾಕುಡಾ ಉಚಿತ, ಆದರೆ ಪ್ರಶ್ನೆ ಕೇಳುವ ರಿಸಾಲ್ವರ್ ಐಪಿಯನ್ನು ಮೊದಲು ನೋಂದಾಯಿಸಬೇಕು. ಹೊಸ ಸರ್ವರ್‌ಗೆ ಐಪಿ ಬದಲಾದಾಗ ಇದನ್ನು ಮರೆಯುವವರೇ ಹೆಚ್ಚು.

ಪೋಸ್ಟ್‌ಸ್ಕ್ರೀನ್ ಕೆಲಸ ಮಾಡಲು ಮಾಸ್ಟರ್.ಸಿಎಫ್‌ನಲ್ಲಿ ಡಿಎನ್‌ಎಸ್‌ಬ್ಲಾಗ್ ಮತ್ತು ಟಿಎಲ್‌ಎಸ್‌ಪ್ರಾಕ್ಸಿ ಸಾಲುಗಳ ಮುಂದಿನ ಹ್ಯಾಷ್ ಗುರುತು ತೆಗೆದಿರಬೇಕು. ಎಲ್ಲ ಪಟ್ಟಿಗಳನ್ನೂ ಅದು ಏಕಕಾಲಕ್ಕೆ, ಸ್ವಾಗತ ಸಂದೇಶದ ಮೊದಲಿನ 6 ಸೆಕೆಂಡ್ ಕಾಯುವಿಕೆಯಲ್ಲೇ ಕೇಳುವುದರಿಂದ ಎಸ್‌ಎಂಟಿಪಿಡಿಯಲ್ಲಿ ಆಗುವಂತೆ ವಿಳಂಬ ಒಂದರ ಮೇಲೊಂದು ಕೂಡುವುದಿಲ್ಲ.

ಡೊಮೇನ್ ಪಟ್ಟಿಗಳನ್ನು ಐಪಿ ಪಟ್ಟಿಯ ಜಾಗದಲ್ಲಿ ಹಾಕುವುದು ಇನ್ನೊಂದು ಪ್ರಸಿದ್ಧ ಎಡವಟ್ಟು. ಸ್ಪ್ಯಾಮ್‌ಹೌಸ್‌ನ ಡಿಬಿಎಲ್‌ಗೆ ಐಪಿ ಕೇಳಿದರೆ 127.0.1.255 ಎಂಬ ದೋಷಸೂಚನೆ ಬರುತ್ತದೆ. ಸೋಸುವಿಕೆ ಇಲ್ಲದಿದ್ದರೆ ಮತ್ತೆ ಎಲ್ಲ ಮೇಲೂ ತಡೆ. ಡಿಬಿಎಲ್ ಅನ್ನು ರಿಜೆಕ್ಟ್_ಆರ್‌ಎಚ್‌ಎಸ್‌ಬಿಎಲ್_ಸೆಂಡರ್, ಅದರ ಹೆಲೋ ಮತ್ತು ರಿವರ್ಸ್_ಕ್ಲೈಂಟ್ ರೂಪಗಳಲ್ಲಿ ಮಾತ್ರ ಬಳಸಿ. ಯುಆರ್‌ಐಬಿಎಲ್, ಎಸ್‌ಯುಆರ್‌ಬಿಎಲ್ ಮೇಲ್ ಒಡಲಿನ ಲಿಂಕ್‌ಗಳಿಗೆ ಇರುವಂಥವು, ಸ್ಪ್ಯಾಮ್‌ಅಸಾಸಿನ್‌ಗೆ ಬಿಡಿ. ಅದರ ವರದಿಯಲ್ಲಿ ಯುಆರ್‌ಐಬಿಎಲ್_ಬ್ಲಾಕ್ಡ್ ಎಂದು ಕಂಡರೆ ಮೇಲ್ ತಡೆಯಾಗಿದೆ ಎಂದಲ್ಲ, ನಿಮ್ಮ ಪ್ರಶ್ನೆಯೇ ತಿರಸ್ಕೃತವಾಗಿದೆ ಎಂದು. ರೋಗ ಅದೇ ರಿಸಾಲ್ವರ್‌ನದು. ಸ್ಪ್ಯಾಮ್‌ಅಸಾಸಿನ್‌ನ ಸಂರಚನೆಯಲ್ಲಿ ಡಿಎನ್‌ಎಸ್_ಸರ್ವರ್ 127.0.0.1 ಎಂದು ಬರೆಯಿರಿ. ಮುಂದೆ ಬೇರೆ ಗೇಟ್‌ವೇ ಇದ್ದರೆ ಅದರ ಐಪಿಯನ್ನು ಇಂಟರ್ನಲ್_ನೆಟ್‌ವರ್ಕ್ಸ್‌ಗೆ ಸೇರಿಸಿ, ಇಲ್ಲವಾದರೆ ಅದು ಗೇಟ್‌ವೇಯನ್ನೇ ಕಳಿಸಿದವರೆಂದು ತಿಳಿದು ಪರಿಶೀಲಿಸುತ್ತದೆ.

ಜಾರಿಗೆ ತರುವುದು, ಕಾಯುವುದು

ಹೊಸ ಪಟ್ಟಿಯನ್ನು ನೇರವಾಗಿ ತಡೆಗೆ ಬಿಡಬೇಡಿ. ಎಸ್‌ಎಂಟಿಪಿಡಿಯಲ್ಲಿ ಪಟ್ಟಿಯ ಸಾಲಿನ ಆರಂಭಕ್ಕೆ ವಾರ್ನ್_ಇಫ್_ರಿಜೆಕ್ಟ್ ಹಾಕಿದರೆ ಮೇಲ್ ಒಳಗೆ ಬರುತ್ತದೆ, ತಡೆಯುತ್ತಿದ್ದೆ ಎಂಬ ಟಿಪ್ಪಣಿ ಮಾತ್ರ ಲಾಗ್‌ಗೆ ಬೀಳುತ್ತದೆ. ಒಂದು ವಾರ ಹೀಗೇ ಬಿಡಿ, ತಿಂಗಳ ಮೊದಲ ದಿನಗಳು ಅದರಲ್ಲಿ ಸೇರಿರಲಿ. ಬ್ಯಾಂಕ್, ಜಿಎಸ್‌ಟಿ, ಸಂಬಳದ ಮೇಲ್‌ಗಳೆಲ್ಲ ಬರುವುದು ಆಗ. ಟಿಪ್ಪಣಿಗಳಲ್ಲಿ ಪರಿಚಿತ ಹೆಸರು ಕಾಣದಿದ್ದರೆ ಪದ ತೆಗೆಯಿರಿ.

ಮೇಲಿನ ಎರಡು ಪ್ರಶ್ನೆಗಳನ್ನು ಪ್ರತಿ ಪಟ್ಟಿಗೂ ಗಂಟೆಗೊಮ್ಮೆ ಕೇಳುವ ಸಣ್ಣ ಸ್ಕ್ರಿಪ್ಟ್ ಅನ್ನು ಕ್ರಾನ್‌ನಲ್ಲಿಡಿ. ಬಿಳಿಪಟ್ಟಿಗೆ ಬೇಡ, ಅದರ ಉತ್ತರದ ರೀತಿಯೇ ಬೇರೆ. 127.0.0.2ಕ್ಕೆ ನಿರೀಕ್ಷಿತ ಉತ್ತರ ಬಾರದಿದ್ದರೂ, 127.0.0.1ಕ್ಕೆ ಏನಾದರೂ ಬಂದರೂ ಎಚ್ಚರಿಕೆ ಹೋಗಲಿ. ಸ್ಕ್ರಿಪ್ಟ್ ಬಳಸುವ ರಿಸಾಲ್ವರ್ ಪೋಸ್ಟ್‌ಫಿಕ್ಸ್ ಬಳಸುವುದೇ ಆಗಿರಬೇಕು, ಇಲ್ಲದಿದ್ದರೆ ಅದು ಬೇರೆಯೇ ಯಂತ್ರದ ಆರೋಗ್ಯ ಹೇಳುತ್ತಿರುತ್ತದೆ. ಎಚ್ಚರಿಕೆಯನ್ನು ಅದೇ ಸರ್ವರ್‌ನ ಮೇಲ್‌ಬಾಕ್ಸ್‌ಗೆ ಕಳಿಸಬೇಡಿ; ಎಸ್‌ಎಂಎಸ್ ಅಥವಾ ಟೆಲಿಗ್ರಾಂ ಇರಲಿ.

ತಿರಸ್ಕಾರದ ಸಂದೇಶದಲ್ಲಿ ವೆಬ್ ಫಾರ್ಮಿನ ಕೊಂಡಿಯನ್ನೋ ಬೇರೆ ಸೇವೆಯಲ್ಲಿರುವ ಇಮೇಲ್ ವಿಳಾಸವನ್ನೋ ಸೇರಿಸಿ. ಪೋಸ್ಟ್‌ಮಾಸ್ಟರ್ ವಿಳಾಸ ಕೊಡುವುದಾದರೆ ಎಸ್‌ಎಂಟಿಪಿಡಿಯ ರೆಸಿಪಿಯೆಂಟ್ ನಿರ್ಬಂಧದಲ್ಲಿ, ರಿಜೆಕ್ಟ್_ಅನ್‌ಆತ್_ಡೆಸ್ಟಿನೇಷನ್ ನಂತರ ಮತ್ತು ಬ್ಲಾಕ್‌ಲಿಸ್ಟ್ ಸಾಲಿಗಿಂತ ಮೇಲೆ, ಚೆಕ್_ರೆಸಿಪಿಯೆಂಟ್_ಆಕ್ಸೆಸ್‌ನಿಂದ ಅದಕ್ಕೆ ವಿನಾಯಿತಿ ಕೊಡಿ. ಪೋಸ್ಟ್‌ಸ್ಕ್ರೀನ್‌ನಲ್ಲಿ ಸ್ವೀಕರಿಸುವವರ ಹೆಸರು ನೋಡಿ ವಿನಾಯಿತಿ ಕೊಡಲು ಬರುವುದಿಲ್ಲ. ಅಲ್ಲಿ ಫಾರ್ಮಿನ ಕೊಂಡಿಯೇ ದಾರಿ.